ಮಳೆ ತಡೆದು ಗಾಳಿ ಬಿಡುವ ತಟ್ಟಿ

ನಾರಾವಿಯಲ್ಲಿ ಗಾಳಿ ಮನೆಯೊಳಗೆ ನುಗ್ಗುವುದು ಮಳೆಯನ್ನೂ ಜೊತೆಗೆ ಕರೆದುಕೊಂಡು. ಕುದುರೆಮುಖದ ಸಾಲಿನ ಬುಡದ ಈ ಊರಿನಲ್ಲಿ ಜೂನ್‌ನಿಂದ ಪಡುಗಾಳಿ ಬೀಸತೊಡಗಿದರೆ, ಮಾಡು ಎಷ್ಟೇ ಮುಂದೆ ಇಳಿದಿದ್ದರೂ ಎರಚಲು ಜಗಲಿ ದಾಟಿ ಕಿಟಕಿಯ ದಳಿಗೆ ಬಡಿಯುತ್ತದೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ ಇದು. ಹಾಗಾಗಿ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಮುಗಿಯುವುದರೊಳಗೆ, ಪಡುಬದಿಗೆ ಮಡಲಿನ ತಟ್ಟಿ ಕಟ್ಟುವುದು ಹಳೆಯ ಕ್ರಮ. ಈಗ ಆ ಜಾಗದಲ್ಲಿ ನೀಲಿ ಟಾರ್ಪಾಲು ಕಾಣುತ್ತದೆ. ಎರಡನ್ನೂ ಕೆಲಸದಿಂದಲೇ ಅಳೆದರೆ ತಟ್ಟಿಯೇ ಮೇಲು.

ತೆಂಗಿನ ಮಡಲನ್ನು ನಡುದಿಂಡಿನಲ್ಲಿ ಸೀಳಿ, ನೀರಲ್ಲಿ ನೆನೆಹಾಕಿ ಹೆಣೆಯುತ್ತಾರೆ. ಅಡಿಕೆ ದಬ್ಬೆಯ ಚೌಕಟ್ಟಿಗೆ ಕೆಳಗಿನಿಂದ ಶುರುಮಾಡಿ, ಮೇಲಿನ ಸಾಲು ಕೆಳಗಿನದನ್ನು ಹೊದೆಯುವಂತೆ ಬಿಗಿಯುತ್ತಾರೆ. ನೀರು ಗರಿಯಿಂದ ಗರಿಗೆ ಜಾರಿ ಅಂಗಳಕ್ಕೆ ಇಳಿಯುತ್ತದೆ; ಗಾಳಿ ಸಣ್ಣ ಸಂದಿಗಳಲ್ಲಿ ರಭಸ ಕಳೆದುಕೊಂಡು ಒಳಗೆ ಬರುತ್ತದೆ. ತಟ್ಟಿಯ ಹಿರಿಮೆ ಇರುವುದು ಇಲ್ಲೇ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಒಣಗದ ಬಟ್ಟೆ, ಬಚ್ಚಲೊಲೆಯ ಹಬೆ, ಗೋಡೆಯ ತೇವ ಎಲ್ಲ ಸೇರಿದ ಮನೆಯನ್ನು ಪೂರ್ತಿ ಮುಚ್ಚಿದರೆ ಬೂಷ್ಟು ಮೊದಲು ಬಾಗಿಲ ಹಿಂದೆ, ಆಮೇಲೆ ಪುಸ್ತಕಗಳಿಗೆ ಹತ್ತುತ್ತದೆ. ಟಾರ್ಪಾಲು ಹಾಯಿಯಂತೆ ಗಾಳಿ ತುಂಬಿಕೊಂಡು, ಕಟ್ಟಿದ ಮೂಲೆಗಳಲ್ಲೇ ಹರಿಯುತ್ತದೆ. ಹರಿಯದಿದ್ದರೆ ಒಳಗಿನ ತೇವ ಹೊರಹೋಗಲು ಬಿಡುವುದಿಲ್ಲ.

ಬಾಗಿಲಿನ ವಿಷಯ ಬೇರೆ. ಹಲಸಿನ ಹಲಗೆ ಬೇಸಗೆಯಲ್ಲಿ ಕುಗ್ಗಿ ಸಂದಿ ಬಿಡುತ್ತದೆ, ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗಿ ತಾನೇ ಕೂಡಿಕೊಳ್ಳುತ್ತದೆ. ಮೇಯಲ್ಲಿ ಆ ಸಂದಿಗೆ ನಾರು ತುರುಕಿದವರು ಜುಲೈಯಲ್ಲಿ ಬಾಗಿಲನ್ನು ಹೆಗಲು ಕೊಟ್ಟು ದೂಡಬೇಕಾಗುತ್ತದೆ. ಕೆಳಗೆ ಎತ್ತರದ ಹೊಸ್ತಿಲಿದ್ದರೆ ಸಾಕು. ಅಲ್ಲಿ ಗೋಣಿಚೀಲ ಒತ್ತಿಡುವ ಅಭ್ಯಾಸವನ್ನು ನಾನು ಒಪ್ಪಲಾರೆ: ಸೆಣಬು ನೀರು ಹೀರಿ ಹಿಡಿದಿಟ್ಟು ಬಾಗಿಲ ಬುಡವನ್ನೇ ಕೊಳೆಸುತ್ತದೆ. ಕಿಟಕಿಯ ಅಂಚಿಗೆ ಏನಾದರೂ ಬೇಕೇಬೇಕೆಂದರೆ ತೆಂಗಿನ ನಾರಿನ ಹುರಿ ಒಳ್ಳೆಯದು, ನೆನೆದರೂ ಬೇಗ ಕೊಳೆಯದು.

ತಟ್ಟಿಗೂ ದೋಷಗಳಿವೆ. ಜಗಲಿ ಕತ್ತಲಾಗುತ್ತದೆ, ನೆಲಕ್ಕೆ ತಾಗಿದರೆ ಗೆದ್ದಲು ಹತ್ತುತ್ತದೆ, ಬಾಳಿಕೆ ಒಂದೇ ಮಳೆಗಾಲ. ಹೆಣೆಯುವ ಕೈಗಳು ಕಡಿಮೆಯಾಗಿರುವಾಗ ವರ್ಷವರ್ಷದ ಈ ಕೆಲಸ ಹಗುರದ್ದಲ್ಲ. ಆದರೂ ಮಡಲು ಹಿತ್ತಿಲಲ್ಲೇ ಬಿದ್ದಿರುತ್ತದೆ; ಮಳೆ ಮುಗಿದು ಬಿಚ್ಚಿದ ತಟ್ಟಿ ಅಡಿಕೆ ಬುಡಕ್ಕೆ ಸೊಪ್ಪಿನ ಜೊತೆ ಸೇರುತ್ತದೆ. ಅದನ್ನು ನೈಲಾನ್ ಹಗ್ಗದಲ್ಲಿ ಕಟ್ಟುವುದು ಮಾತ್ರ ಸರಿಯಲ್ಲ. ಗರಿ ಕರಗಿದ ಮೇಲೂ ಆ ಹಗ್ಗದ ತುಂಡುಗಳು ತೋಟದ ಮಣ್ಣಿನಲ್ಲಿ ಉಳಿದು ಹಾರೆಗೆ ಸುತ್ತಿಕೊಳ್ಳುತ್ತವೆ.