ಎತ್ತರದ ಲೆಕ್ಕ, ಬಳ್ಳಿಯ ಲೆಕ್ಕ

ವೈನ್ ಬಾಟಲಿಯ ಲೇಬಲ್ಲಿನಲ್ಲಿ ತೋಟದ ಎತ್ತರ ಕಂಡೊಡನೆ ಒಳ್ಳೆಯ ವೈನ್ ಎಂದು ನಂಬುವವರಿದ್ದಾರೆ. ಈ ನಂಬಿಕೆ ಎಷ್ಟು ಅರೆಬರೆ ಎಂದು ತಿಳಿಯಲು ಇಟಲಿಯ ಅತಿ ಚಿಕ್ಕ ಪ್ರಾಂತ ವಾಲೆ ದಾವೊಸ್ತಾವನ್ನು ನೋಡಬೇಕು. ಅಲ್ಲಿ ಮೋಂ ಬ್ಲಾಂ ಪರ್ವತದ ಸನಿಹದಲ್ಲಿ ಮೊರ್ಜೆ, ಲಾ ಸಾಲ್ ಎಂಬ ಊರುಗಳಿವೆ. ಅವುಗಳ ದ್ರಾಕ್ಷಿತೋಟಗಳು ಸುಮಾರು 900ರಿಂದ 1,200 ಮೀಟರ್ ಎತ್ತರದಲ್ಲಿವೆ. ಬೆಂಗಳೂರೂ 900 ಮೀಟರ್ ಎತ್ತರದ ಊರೇ. ಆದರೆ ನಂದಿ ಬೆಟ್ಟದ ತಪ್ಪಲಿನಲ್ಲಿ ಬಳ್ಳಿ ನಿದ್ದೆಹೋಗುವಷ್ಟು ಚಳಿ ಬೀಳದು; ವರ್ಷಕ್ಕೆ ಎರಡು ಸಲ ಬಳ್ಳಿ ಸವರಿ, ಫಸಲನ್ನು ಮಳೆಯಿಲ್ಲದ ತಿಂಗಳುಗಳಿಗೆ ಹೊಂದಿಸಬೇಕು. 46 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರವಿರುವ ಮೊರ್ಜೆಯಲ್ಲಿ ಅದೇ ಎತ್ತರಕ್ಕೆ ಚಳಿಗಾಲದಲ್ಲಿ ಹಿಮ ಸುರಿಯುತ್ತದೆ, ಬೇಸಿಗೆ ತೀರಾ ಗಿಡ್ಡ.

ಹಾಗಿದ್ದೂ ಅಲ್ಲಿ ದ್ರಾಕ್ಷಿ ಮಾಗುವುದಕ್ಕೆ ಕಾರಣಗಳು ಬೇರೆ. ತೋಟಗಳು ದೋರಾ ಬಾಲ್ತೆಯಾ ನದಿಯ ಎಡದಂಡೆಯ ಇಳಿಜಾರಿನಲ್ಲಿ ದಕ್ಷಿಣದ ಬಿಸಿಲಿಗೆ ಮೈಯೊಡ್ಡಿವೆ. ಸುತ್ತಲಿನ ಶಿಖರಗಳು ಮೋಡ ತಡೆಯುವುದರಿಂದ ಕಣಿವೆ ಮಳೆನೆರಳಿನಲ್ಲಿದೆ, ಬೂಷ್ಟು ರೋಗಗಳ ಕಾಟ ಕಡಿಮೆ. ಬಳ್ಳಿಯನ್ನು ಆಳೆತ್ತರಕ್ಕೆ ಏರಿಸದೆ ತಗ್ಗು ಚಪ್ಪರಕ್ಕೆ ಹಬ್ಬಿಸುತ್ತಾರೆ. ಹಗಲು ಕಾದ ನೆಲ ಇರುಳಲ್ಲಿ ಬಿಡುವ ಶಾಖ ಗೊಂಚಲಿಗೆ ತಾಗುತ್ತದೆ, ಗಾಳಿಯ ಹೊಡೆತವೂ ತಪ್ಪುತ್ತದೆ. ಇದರ ಬೆಲೆ ತೆರುವುದು ಕೆಲಸಗಾರರ ಬೆನ್ನು: ಯಂತ್ರ ನುಗ್ಗದ ಆ ಚಪ್ಪರದಡಿ ಎಲ್ಲವನ್ನೂ ಬಗ್ಗಿಕೊಂಡೇ ಮಾಡಬೇಕು. ಆ ದುಡಿಮೆಗೆ ಲೇಬಲ್ಲಿನಲ್ಲಿ ಜಾಗವಿಲ್ಲದಿರುವುದು ಅನ್ಯಾಯ. ಎಲ್ಲಕ್ಕಿಂತ ಮುಖ್ಯವಾದದ್ದು ತಳಿ. ಪ್ರಿಯೆ ಬ್ಲಾಂ ಎಂಬ ಸ್ಥಳೀಯ ಬಿಳಿ ದ್ರಾಕ್ಷಿ ತಡವಾಗಿ ಚಿಗುರಿ ಬೇಗ ಹಣ್ಣಾಗುತ್ತದೆ. ಅದೇ ನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋನ್ ನೆಟ್ಟರೆ ಅದು ಮಾಗುವ ಮೊದಲೇ ಚಳಿ ಬಂದೀತು.

ತಂಪು ರಾತ್ರಿ ಹುಳಿಯನ್ನು ಉಳಿಸುವುದು ಎತ್ತರದ ಗುಣವೇ ಅಲ್ಲವೇ ಎಂದು ಕೇಳಬಹುದು. ಹೌದು, ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಆದರೆ ಮಾಗದ ಕಾಯಿಯ ಹುಳಿ ನಾಲಗೆಯನ್ನು ಚುಚ್ಚುತ್ತದೆ, ಅಷ್ಟೆ. ಪ್ರಿಯೆ ಬ್ಲಾಂ ವೈನಿನ ಹಗುರ ಮೈಯಲ್ಲಿ ಬೆಟ್ಟದ ಸೊಪ್ಪಿನ, ಒಣಹುಲ್ಲಿನ ಕಂಪು ಆ ಹುಳಿಯೊಡನೆ ಬೆರೆಯುವುದು ಹಣ್ಣು ಪೂರ್ತಿ ಮಾಗಿದ್ದರಿಂದ. ಇನ್ನೊಂದು ಮಾತನ್ನಂತೂ ಒಪ್ಪಲೇಬೇಕು. 19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ಹಾಳುಗೆಡವಿದ ಫಿಲಾಕ್ಸೆರಾ ಕೀಟ ಈ ಚಳಿಯ ಮರಳು ನೆಲದಲ್ಲಿ ಬೇರೂರಲಿಲ್ಲ. ಬಳ್ಳಿಗಳು ಇಂದಿಗೂ ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆ ನಿಂತಿವೆ. ಇದರಲ್ಲಿ ಎತ್ತರಕ್ಕೂ ಪಾಲುಂಟು. ಸ್ವಂತ ಬೇರಿನಿಂದ ರುಚಿ ಹೆಚ್ಚುತ್ತದೆಂಬ ಮಾತಿಗೆ ಮಾತ್ರ ಆಧಾರ ಸಾಲದು. ಭೂಮಿ ಬಿಸಿಯಾಗುತ್ತಿರುವಾಗ ತೋಟಗಳನ್ನು ಮೇಲಕ್ಕೊಯ್ಯುವುದೇ ದಾರಿ ಎನ್ನುವವರು ಮೊದಲು ತಳಿಯನ್ನು ಆರಿಸಿಕೊಳ್ಳಲಿ. ವಸಂತ ಬೇಗ ಬೆಚ್ಚಗಾಗಿ ಕಣ್ಣೊಡೆದ ಚಿಗುರನ್ನು ಆಮೇಲಿನ ಒಂದೇ ರಾತ್ರಿಯ ಕೊರೆಚಳಿ ಕರಕಲು ಮಾಡಬಲ್ಲದು.