ಸರಾಸರಿಯೊಳಗೆ ಕಳೆದುಹೋದ ಕೇರಿ

ವಿಜಾಪುರದಲ್ಲಿ ಓದುವಾಗ ಬಾಡಿಗೆ ಖೋಲಿ ಕೇಳಿಕೊಂಡು ಹೋದರೆ ಮನೆ ಮಾಲಕರು ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಊರು. ಕಾಖಂಡಕಿ ಅಂದರೆ ಕೆಲವರ ಮುಖ ಅರಳುತ್ತಿತ್ತು. "ಓ, ಮಹಿಪತಿದಾಸರ ಊರು!" ಅನ್ನುವವರಿದ್ದರು. "ಕಾರಹುಣ್ಣಿಮಿಗೆ ಎತ್ತು ಬಿಡೂ ಊರಲ್ಲೇನು?" ಅನ್ನುವವರಿದ್ದರು. ಮೂರನೆಯ ಪ್ರಶ್ನೆ ಮೆಲ್ಲಗೆ ಬರುತ್ತಿತ್ತು: "ಊರಾಗ ಯಾವ ಕಡೆ ಬರ್ತದ ತಮ್ಮಾ ನಿಮ್ಮನಿ?" ನಾನು ಹೇಳುತ್ತಿದ್ದೆ. ಅಷ್ಟರಲ್ಲಿ ಖೋಲಿ ಇನ್ನಾರಿಗೋ ಕೊಟ್ಟಾಗಿರುತ್ತಿತ್ತು.

ಅವರು ಜಾತಿ ಕೇಳಲಿಲ್ಲ. ದಿಕ್ಕು ಕೇಳಿದರು. ಕಾನೂನು ಓದಿದವರಿಗೆ ಜಾತಿ ಕೇಳುವುದು ತಪ್ಪೆಂದು ಗೊತ್ತು, ದಿಕ್ಕು ಕೇಳಿದರೆ ಯಾವ ಕಲಮೂ ಹತ್ತುವುದಿಲ್ಲವೆಂಬುದೂ ಗೊತ್ತು.

ಈ ವಿದ್ಯೆ ಈಗ ವಿಜ್ಞಾನವಾಗಿದೆ. ಜನಗಣತಿಯ ಅಂಕಿಗಳನ್ನು ಭೂಪಟದ ಮೇಲೆ ಕೂರಿಸಿ, ಯಾವ ಬಡಾವಣೆ ಯಾವ ವರ್ಗ, ಅಲ್ಲಿಯ ಜನ ಏನು ಉಣ್ಣುತ್ತಾರೆ, ಏನು ಕೊಳ್ಳುತ್ತಾರೆ, ಸಾಲ ತೀರಿಸುತ್ತಾರೋ ಇಲ್ಲವೋ ಎಂದು ಕಂಪ್ಯೂಟರಿನಿಂದ ಹೇಳಿಸುತ್ತಾರೆ. ವಿಳಾಸ ಗೊತ್ತಾದರೆ ಮನುಷ್ಯ ಗೊತ್ತಾದ ಎಂಬುದು ಇದರ ಬುಡದಲ್ಲಿರುವ ನಂಬಿಕೆ. ಗೆಳೆಯರೆ, ನಮ್ಮ ಸೀಮೆಯ ಅಗಸಿ ಬಾಗಿಲಿಗೆ ಇದು ಹೊಸ ಮಾತೇನು? ಅಗಸಿಯ ಒಳಗೆ ಓಣಿ, ಹೊರಗೆ ಕೇರಿ. ಯಾವ ಯಂತ್ರವೂ ಇಲ್ಲದ ಕಾಲದಲ್ಲಿ ಇಡೀ ದೇಶದ ಹಳ್ಳಿಗಳನ್ನು ಹೀಗೆ ಎರಡಾಗಿ ಸೀಳಿ ಇಟ್ಟವರು ನಮ್ಮವರೇ. ಅಸ್ಪೃಶ್ಯರು ಊರ ಹೊರಗೆ ಏಕೆ ಇದ್ದಾರೆ ಎಂಬ ಪ್ರಶ್ನೆಯನ್ನು ಬಾಬಾಸಾಹೇಬರು 1948ರಲ್ಲಿ ಒಂದು ಇಡೀ ಪುಸ್ತಕದ ಪ್ರಶ್ನೆಯಾಗಿ ಎತ್ತಿಕೊಂಡರು. ಅದು ಭೂಗೋಳದ ಪ್ರಶ್ನೆಯೂ ಹೌದೆಂದು ನಮ್ಮ ಭೂಗೋಳದ ಪಠ್ಯಗಳಿಗೆ ಇನ್ನೂ ಹೊಳೆದಂತಿಲ್ಲ.

ಸಾಹಿತ್ಯ ವಿಮರ್ಶೆಯ ಪುಟದಲ್ಲಿ ಇದೇನು ಅಂಕಿ-ಸಂಖ್ಯೆಯ ರಗಳೆ ಎಂದು ಕೆಲವರು ಕೇಳಬಹುದು. ಪಟ್ಟಿಯೂ ಒಂದು ಬರವಣಿಗೆ. ನಕ್ಷೆಯೂ ಒಂದು ಕೃತಿ. ಅದಕ್ಕೂ ಕರ್ತೃ ಇದ್ದಾನೆ, ಅವನಿಗೂ ಒಂದು ಮನೆ ಇದೆ, ಆ ಮನೆ ಊರ ಯಾವುದೋ ಒಂದು ಕಡೆಗೆ ಇದೆ. ಕಾವ್ಯದಲ್ಲಿ ಯಾರ ದನಿ ಇದೆ, ಯಾರದಿಲ್ಲ ಎಂದು ಕೇಳುವ ನಾವು ಸರಕಾರದ ಕೋಷ್ಟಕಕ್ಕೂ ಅದೇ ಪ್ರಶ್ನೆ ಹಾಕಬೇಕು.

ಮೊದಲು ಭೂಮಿಯ ವಿಷಯ ನೋಡಿ. ನಮ್ಮ ಜಿಲ್ಲೆ ಮುಂಬಯಿ ಇಲಾಖೆಯಲ್ಲಿತ್ತು. ಅಲ್ಲಿಯ ಸರ್ವೇ ಪದ್ಧತಿಯನ್ನು 1847ರ ಜಂಟಿ ವರದಿ ಗಟ್ಟಿ ಮಾಡಿತು. ಮಣ್ಣಿನ ಬಣ್ಣ ನೋಡಿದರು, ಆಳ ಅಗೆದು ನೋಡಿದರು, ಸುಣ್ಣದ ಹರಳು ಎಷ್ಟು, ಉಸುಕು ಎಷ್ಟು, ನೀರು ಹಿಡಿಯುತ್ತದೋ ಕೊಚ್ಚಿಕೊಂಡು ಹೋಗುತ್ತದೋ ಎಂದು ನೋಡಿ ಹದಿನಾರಾಣೆಯಿಂದ ಕೆಳಕ್ಕೆ ದರ್ಜೆ ಹಚ್ಚಿದರು. ಎರಿ ಹೊಲಕ್ಕೆ ಒಂದು ದರ್ಜೆ, ಮಡ್ಡಿಗೆ ಒಂದು ದರ್ಜೆ. ಗೇಣು ಮಣ್ಣಿನ ಲೆಕ್ಕವನ್ನೂ ಬಿಡಲಿಲ್ಲ. ಆದರೆ ಅದೇ ಸರ್ವೇ ನಕ್ಷೆಯಲ್ಲಿ ಜನ ವಾಸಿಸುವ ಜಾಗ, ಗಾವಠಾಣ, ಖಾಲಿ ಬಿಟ್ಟ ಒಂದು ತುಂಡು. ಹೊಲ ಕಂದಾಯ ಕೊಡುತ್ತದೆ, ಅದನ್ನು ಅಳೆಯಬೇಕು. ಆ ಹೊಲದಲ್ಲಿ ದುಡಿಯುವವನ ಗುಡಿಸಲು ಏನು ಕೊಡುತ್ತದೆ? ಮನೆಗಳ ಆ ಖಾಲಿ ಜಾಗವನ್ನು ಡ್ರೋನ್ ಹಾರಿಸಿ ಅಳೆಯುವ ಸ್ವಾಮಿತ್ವ ಯೋಜನೆ ಶುರುವಾಗಿದ್ದು 2020ರ ಏಪ್ರಿಲ್ 24ಕ್ಕೆ. ಮಣ್ಣಿನ ದರ್ಜೆ ಬರೆದ ಮೇಲೆ ಮನೆಯ ಗೆರೆ ಎಳೆಯಲು ನೂರಾ ಎಪ್ಪತ್ಮೂರು ವರ್ಷ ಬೇಕಾಯಿತು.

ನಮ್ಮ ಕಡೆ ಒಂದು ಗಾದೆ ಇದೆ: ಡೋಣಿ ಬೆಳೆದರ ಓಣೆಲ್ಲ ಜೋಳ. ಡೋಣಿ ಹೊಳೆಯ ದಂಡೆಯ ಎರಿ ಭೂಮಿಯ ಹೆಮ್ಮೆ ಅದು. ಕನ್ನಡ ಮಾಸ್ತರರು ಅದನ್ನು ಪ್ರಾಸಕ್ಕಾಗಿ ಹೊಗಳುತ್ತಾರೆ. ನಾನು ಅದನ್ನು ಭೂಪಟವೆಂದು ಓದುತ್ತೇನೆ. ಜೋಳ ಬರುವುದು ಓಣಿಗೆ. ಕೇರಿಗೆ ಬಂದದ್ದು ಆಯ, ಇಲ್ಲಾ ಹೊಲದಾಗ ಉಳಿದ ಹಕ್ಕಲ. ಓಣಿ ಅಂದರೆ ಎಲ್ಲರದೂ ಅಲ್ಲವೇ ಎಂದು ಪಂಡಿತರು ಹೇಳಬಹುದು. ಸುಗ್ಗಿಯಾದ ಮೇಲೆ ಮಡಿಲಲ್ಲಿ ತೆನೆ ಆರಿಸಿಕೊಂಡು ಬಂದ ನನ್ನ ಅಜ್ಜಿಯನ್ನು ಕೇಳಿದ್ದರೆ ಅವಳು ಬೇರೆ ಅರ್ಥ ಹೇಳುತ್ತಿದ್ದಳು.

ಇನ್ನು ಈಚಿನ ಕಾಲಕ್ಕೆ ಬರೋಣ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕರ್ನಾಟಕದಲ್ಲಿ ಭೂಭಾಗಗಳನ್ನು ಅಂಕಿಗಳಿಂದ ವರ್ಗೀಕರಿಸಿದ ಅತಿ ದೊಡ್ಡ ಕೆಲಸಗಳಲ್ಲಿ ಅದೊಂದು. 35 ಸೂಚಕಗಳನ್ನು ಹಿಡಿದು ಆಗಿನ 175 ತಾಲೂಕುಗಳನ್ನು ತೂಗಿದರು. ರಾಜ್ಯದ ಸರಾಸರಿ 1 ಎಂದಿಟ್ಟು, ಅದಕ್ಕಿಂತ ಕೆಳಗಿನ 114 ತಾಲೂಕು ಹಿಂದುಳಿದವು ಎಂದರು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಉಳಿದ 61 ಮುಂದಿನವು. ಈ ವರದಿಯನ್ನು ನಾನು ಹಗುರ ಮಾಡಲಾರೆ. ಉತ್ತರ ಕರ್ನಾಟಕದ ನೋವು ಬರೀ ಭಾಷಣವಾಗಿದ್ದಾಗ ಅದಕ್ಕೆ ಲೆಕ್ಕದ ಬಲ ಕೊಟ್ಟದ್ದು ಈ ವರದಿ.

ಆದರೆ ಆ ಲೆಕ್ಕದಲ್ಲಿ ಕಾಖಂಡಕಿ ಎಲ್ಲಿತ್ತು? ಬಬಲೇಶ್ವರ, ತಿಕೋಟಾ ತಾಲೂಕುಗಳು ಆಗ ಹುಟ್ಟಿರಲಿಲ್ಲ. ಇವೆಲ್ಲ ವಿಜಾಪುರ ತಾಲೂಕಿನ ಹೊಟ್ಟೆಯಲ್ಲಿದ್ದವು. ಜಿಲ್ಲಾ ಕೇಂದ್ರದ ಆಸ್ಪತ್ರೆ, ಕಾಲೇಜು, ಬ್ಯಾಂಕು, ರೈಲು ಎಲ್ಲವೂ ತಾಲೂಕಿನ ಲೆಕ್ಕ. ಗೋಳಗುಮ್ಮಟದ ನೆರಳಿನ ಪೇಟೆಯನ್ನೂ ಡೋಣಿ ಸೀಮೆಯ ಕೂಲಿಯವನನ್ನೂ ಒಂದೇ ತಕ್ಕಡಿಗೆ ಹಾಕಿ ಒಂದೇ ಅಂಕಿ ತೆಗೆದರು. ಪಟ್ಟಣದ ಬ್ಯಾಂಕು ಹಳ್ಳಿಯ ಬಡವನ ತಲೆಗೂ ಹಂಚಿಹೋಯಿತು, ಕಾಗದದ ಮೇಲೆ.

ತಾಲೂಕು ಒಡೆದು ಸಣ್ಣದು ಮಾಡಿದರೆ ತೀರಿತೇ? ಇಲ್ಲ. ಊರಿನೊಳಗೂ ಅದೇ ಕಥೆ. ಬರೀ ಲೆಕ್ಕಕ್ಕೆಂದು ಒಂದು ಊರು ಅನ್ನೋಣ. 1000 ಮನೆ, ಓಣಿಯಲ್ಲಿ 800, ಕೇರಿಯಲ್ಲಿ 200. ಓಣಿಯ ನೂರಕ್ಕೆ 95 ಮನೆಗೆ ನಳ ಇದೆ, ಅಂದರೆ 760. ಕೇರಿಯ ನೂರಕ್ಕೆ 20 ಮನೆಗೆ ನಳ, ಅಂದರೆ 40. ಕೂಡಿಸಿದರೆ 800. ಊರಿಗೆ ಶೇ. 80 ನಳ! ಸಾಹೇಬರು ಖುಷಿ, ಪಟ್ಟಿಯಲ್ಲಿ ಊರು ಮುಂದೆ, ಮುಂದಿನ ವರ್ಷದ ದುಡ್ಡು ಬೇರೆ ಊರಿಗೆ. ಕೇರಿಯ 160 ಮನೆಯವರು ಕೊಡ ಹೊತ್ತುಕೊಂಡು ಆ ಶೇ. 80ರ ಒಳಗೇ ನಡೆದಾಡುತ್ತಿರುತ್ತಾರೆ. ಯಾರೂ ಸುಳ್ಳು ಬರೆದಿಲ್ಲ. ಒಂದು ಅಂಕಿಯೂ ತಪ್ಪಿಲ್ಲ. ಅನ್ಯಾಯ ಮಾತ್ರ ಕಾಣದಂತಾಗಿದೆ.

ಇದು ನನ್ನ ಕವಿಕಲ್ಪನೆಯಲ್ಲ. ನವೀನ್ ಭಾರತಿ, ದೀಪಕ್ ಮಲಘಾಣ, ಅಂದಲೀಬ್ ರಹಮಾನ್ ಎಂಬ ಸಂಶೋಧಕರು 2018ರಲ್ಲಿ ಮಹಾನಗರಗಳ ಅಂಕಿ ತೆಗೆದು ನೋಡಿದರು. ವಾರ್ಡಿನ ಲೆಕ್ಕದಲ್ಲಿ ಜಾತಿಗಳು ಕಲೆತು ಬಾಳುತ್ತಿವೆ ಎಂಬಂತೆ ಕಾಣುತ್ತದೆ. ಗಣತಿದಾರನೊಬ್ಬ ಮನೆ ಮನೆ ತಿರುಗುವಷ್ಟು ಸಣ್ಣ ಗಣತಿ ಬ್ಲಾಕಿಗೆ ಇಳಿದು ನೋಡಿದರೆ ಗೋಡೆ ಎದ್ದು ಕಾಣುತ್ತದೆ. 2023ರಲ್ಲಿ ಇನ್ನೊಂದು ತಂಡ ದೇಶದ 15 ಲಕ್ಷ ನೆರೆಹೊರೆಗಳನ್ನು ತೂಗಿ, ದಲಿತರು, ಮುಸಲ್ಮಾನರು ಇರುವ ಕಡೆಗಳಲ್ಲಿ ಶಾಲೆ, ಆಸ್ಪತ್ರೆಯಂಥ ಸರಕಾರಿ ಸೌಲಭ್ಯ ಕಡಿಮೆ ಎಂದು ತೋರಿಸಿತು. ಆ ಕೊರತೆಯ ಬಹುಪಾಲು ದೊಡ್ಡ ಲೆಕ್ಕದಲ್ಲಿ ಕಾಣುವುದೇ ಇಲ್ಲ, ನೆರೆಹೊರೆಯ ಮಟ್ಟಕ್ಕೆ ಇಳಿದಾಗಲೇ ಕಾಣುವುದು ಎಂಬುದು ಅದರ ಸಾರ. ನಮ್ಮ ಅಜ್ಜಂದಿರಿಗೆ ಗೊತ್ತಿದ್ದದ್ದೇ ಇದು. ಈಗ ಪುರಾವೆ ಬಂದಿದೆ.

ಹಾಗಾದರೆ ಸಣ್ಣ ಸಣ್ಣ ನಕ್ಷೆ ಮಾಡಿಬಿಟ್ಟರೆ ಕೇರಿ ಉದ್ಧಾರವೇ? ಇಲ್ಲಿ ನಾವು ಹುಷಾರಾಗಿರಬೇಕು. ಚಾರ್ಲ್ಸ್ ಬೂತ್ 1889ರಲ್ಲಿ ಲಂಡನ್ನಿನ ಬೀದಿ ಬೀದಿಗೂ ಏಳು ಬಣ್ಣ ಹಚ್ಚಿದ. ಶ್ರೀಮಂತರಿಗೆ ಹಳದಿ, ಎಲ್ಲಕ್ಕೂ ಕೆಳಗಿನವರಿಗೆ ಕಪ್ಪು, ಅವರ ವಿವರಣೆಯಲ್ಲಿ ಅರ್ಧ ಅಪರಾಧಿಗಳು ಎಂಬ ಮಾತು ಬೇರೆ. ಬಡತನವನ್ನು ತೋರಿಸಹೊರಟ ನಕ್ಷೆ ಬಡವನ ನಡತೆಗೂ ಮಸಿ ಬಳಿಯಿತು. ಅಮೆರಿಕದಲ್ಲಿ 1930ರ ದಶಕದಲ್ಲಿ ಸರಕಾರದ ಗೃಹಸಾಲ ನಿಗಮವೊಂದು ನಗರಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಎಂದು ವಿಂಗಡಿಸಿತು. ಕರಿಯರು ಇರುವ ಕಡೆ ಕೆಂಪು, ಅಂದರೆ ಅಪಾಯ. ಅಂಥ ಕಡೆ ಸಾಲ ಸಿಗುವುದು ದುಸ್ತರವಾಯಿತು, ಸಾಲವಿಲ್ಲದ ಮನೆ ಕುಸಿಯಿತು, ಕುಸಿದ ಮನೆ ನೋಡಿ ನಕ್ಷೆ ಸರಿಯಾಗಿತ್ತು ಎಂದರು. 1970ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ವೆಬರ್ ಲಿವರ್‌ಪೂಲಿನ ಬಡತನ ಎಲ್ಲಿದೆ ಎಂದು ತಿಳಿಯಲು ಜನಗಣತಿಯ ಅಂಕಿಗಳಿಂದ ನೆರೆಹೊರೆಗಳನ್ನು ಗುಂಪು ಮಾಡಿದ. ಕೆಲವೇ ವರ್ಷಗಳಲ್ಲಿ ಅದೇ ವಿದ್ಯೆ 'ಏಕಾರ್ನ್' ಎಂಬ ಹೆಸರಿನಲ್ಲಿ ಮಾರಾಟಗಾರರ ಕೈಗೆ ಹೋಯಿತು. ನೀರಿಲ್ಲದವನನ್ನು ಹುಡುಕಲು ಹೊರಟ ದೀಪ ಸಾಮಾನು ಕೊಳ್ಳುವವನನ್ನು ಹುಡುಕತೊಡಗಿತು. ಬಂಡವಾಳಶಾಹಿ ಹೀಗೆಯೇ ನಡೆಯುವುದು.

ಆದರೆ ಅದೇ ಅಮೆರಿಕದಲ್ಲಿ ಇನ್ನೊಂದು ನಕ್ಷೆಯೂ ಇತ್ತು. ಕರಿಯ ವಿದ್ವಾಂಸ ಡು ಬೋಯಿಸ್ ಫಿಲಡೆಲ್ಫಿಯಾದ ಏಳನೆಯ ವಾರ್ಡಿನಲ್ಲಿ ತಾನೇ ವಾಸಮಾಡಿ, ಮನೆ ಮನೆ ತಿರುಗಿ, 1899ರಲ್ಲಿ ಪುಸ್ತಕ ತಂದ. ಅವನೂ ಬಣ್ಣ ಹಚ್ಚಿದ, ವರ್ಗ ಮಾಡಿದ. ಆದರೆ ಕರಿಯರೆಲ್ಲ ಒಂದೇ ಮುದ್ದೆಯಲ್ಲ, ಅವರ ಸ್ಥಿತಿಗೆ ಅವರ ರಕ್ತ ಕಾರಣವಲ್ಲ, ಚರಿತ್ರೆ ಕಾರಣ ಎಂದು ತೋರಿಸಲು ಹಚ್ಚಿದ. ಅದೇ ಕಾಗದ, ಅದೇ ಬಣ್ಣ. ಮನೆಯ ಬಾಗಿಲು ಬಡಿದ ಕೈ ಬೇರೆ, ಕೇಳಿದ ಪ್ರಶ್ನೆ ಬೇರೆ.

ಪ್ರಶ್ನೆಯ ಮಾತು ಬಂತು. 2011ರ ಮನೆಪಟ್ಟಿಯಲ್ಲಿ ಕುಡಿಯುವ ನೀರಿನ ಮೂಲ ಯಾವುದು, ಮನೆಯಂಗಳದಲ್ಲಿದೆಯೋ, ಹತ್ತಿರವೋ, ದೂರವೋ ಎಂದು ಕೇಳಿದರು. ಹಳ್ಳಿಯಲ್ಲಿ 500 ಮೀಟರಿನೊಳಗಿದ್ದರೆ ಹತ್ತಿರ. ನನ್ನವ್ವನ ತವರೂರಿನಲ್ಲಿ, ಹೆಸರು ಬ್ಯಾಡ, ಅವಳು ಹುಡುಗಿಯಾಗಿದ್ದಾಗ ಬಾವಿ ಅವರ ಮನೆಗೆ ನೂರು ಹೆಜ್ಜೆ. ಕೊಡ ಕೆಳಗಿಟ್ಟು ಯಾರಾದರೂ ಪುಣ್ಯಾತ್ಮರು ಬಂದು ಸೇದಿ ಹಾಕಲಿ ಎಂದು ಹೊತ್ತುಗಟ್ಟಲೆ ನಿಲ್ಲುತ್ತಿದ್ದರಂತೆ. "ಬಾವಿ ಸನೇಕ ಇತ್ತಪಾ, ನೀರ ದೂರ ಇತ್ತು" ಅನ್ನುತ್ತಾಳೆ. ಇದನ್ನು ಬರೆಯಲು ಆ ಮನೆಪಟ್ಟಿಯಲ್ಲಿ ಕಾಲಮ್ಮಿಲ್ಲ. ಮೀಟರು ಅಳೆಯುವ ಭೂಗೋಳ ಮೈಲಿಗೆಯನ್ನು ಅಳೆಯಲಾರದು. ಅದನ್ನು ಅಳೆದವರು ನಮ್ಮ ಲೇಖಕರು. ನಮ್ಮದೇ ಜಿಲ್ಲೆಯ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ವನ್ನು ಜಿಲ್ಲಾ ಗೆಜೆಟಿಯರಿನ ಪಕ್ಕದಲ್ಲಿಟ್ಟು ಓದಿ. ಸಿದ್ಧಲಿಂಗಯ್ಯನವರು ಆತ್ಮಕಥೆಗೆ 'ಊರುಕೇರಿ' ಎಂದು ಹೆಸರಿಟ್ಟಾಗ ಎರಡು ಪದದಲ್ಲಿ ಇಡೀ ದೇಶದ ನಕ್ಷೆಯನ್ನೇ ಇಟ್ಟರು.

ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ. ನಾವು ಬಂಡಾಯದ ಕವಿಗಳು 'ಕೇರಿ' ಎಂದು ಒಂದೇ ಉಸಿರಲ್ಲಿ ಬರೆಯುತ್ತೇವೆ. ಅದೂ ಒಂದು ಸರಾಸರಿಯೇ. ಛಲವಾದಿ ಓಣಿಗೂ ಮಾದರ ಓಣಿಗೂ ನಡುವೆ ಗೆರೆ ಇಲ್ಲವೇ? ಅಲೆಮಾರಿಗಳ ಜೋಪಡಿ ನಮ್ಮ ಕವಿತೆಯಲ್ಲಿ ಎಲ್ಲಿದೆ? 2025ರಲ್ಲಿ ನಾಗಮೋಹನ ದಾಸ್ ಆಯೋಗ ಪರಿಶಿಷ್ಟರ 101 ಜಾತಿಗಳನ್ನು ಬೇರೆ ಬೇರೆ ಎಣಿಸಿದಾಗ ನಮ್ಮಲ್ಲೇ ಕೆಲವರಿಗೆ ಇರಿಸುಮುರಿಸಾಯಿತು. ಓಣಿಯವನು ನಮ್ಮನ್ನು ತನ್ನ ಸರಾಸರಿಯೊಳಗೆ ಮುಚ್ಚಿಟ್ಟಂತೆ ನಾವು ನಮಗಿಂತ ಸಣ್ಣವರನ್ನು ನಮ್ಮೊಳಗೆ ಮುಚ್ಚಿಡಬಾರದು.

ಇನ್ನು ಹೆಸರು ಬದಲಿಸುವ ಉಪಾಯ. ಪಕ್ಕದ ಮಹಾರಾಷ್ಟ್ರ ಸರಕಾರ 2020ರ ಡಿಸೆಂಬರಿನಲ್ಲಿ ಜಾತಿ ಹೆಸರಿನ ವಸತಿಗಳಿಗೆ ಸಮತಾ ನಗರ, ಭೀಮ ನಗರ ಎಂಬಂಥ ಹೆಸರಿಡಲು ತೀರ್ಮಾನಿಸಿತು. ಒಳ್ಳೆಯದೇ. ಬೈಗುಳದಂಥ ಹೆಸರು ಹೊತ್ತು ಶಾಲೆಗೆ ಹೋಗುವ ಹುಡುಗನ ಕಷ್ಟ ನನಗೆ ಗೊತ್ತು. ಆದರೆ ಹೆಸರು ಹೋಗಿ ಜಾಗ ಹಾಗೇ ಉಳಿದರೆ, ಖೋಲಿ ಬಾಡಿಗೆಗೆ ಕೊಡುವವರು ಹೊಸ ಹೆಸರನ್ನೂ ಒಂದು ವಾರದಲ್ಲಿ ಕಲಿತುಬಿಡುತ್ತಾರೆ.

ಆದ್ದರಿಂದ ನಮ್ಮನ್ನು ಎಣಿಸಬೇಡಿ ಎಂದು ನಾವು ಹೇಳುವುದಿಲ್ಲ. ಎಣಿಸದೆ ಬಿಟ್ಟದ್ದೇ ನಮಗಾದ ದೊಡ್ಡ ಮೋಸ. 1931ರ ನಂತರ ಎಲ್ಲ ಜಾತಿಗಳನ್ನು ಎಣಿಸಿದ ಜನಗಣತಿಯ ಅಂಕಿ ದೇಶದ ಕೈಗೆ ಬಂದಿಲ್ಲ. ಈಗ 2027ರ ಜನಗಣತಿಗೆ ಜಾತಿಯೂ ಸೇರಿದೆ. ನಮ್ಮ ಬೇಡಿಕೆ ಮೂರು. ಊರಿನ ಅಂಕಿಯ ಜೊತೆಗೆ ಕೇರಿಯ ಅಂಕಿಯನ್ನೂ ಬೇರೆಯಾಗಿ ಪ್ರಕಟಿಸಿ. ಒಬ್ಬೊಬ್ಬರ ಹೆಸರು, ಮನೆ ಗುರುತು ಸಾಲ ಕೊಡುವವನ ಕೈಗೂ ಮಾರುವವನ ಕೈಗೂ ಹೋಗದಂತೆ ನೋಡಿಕೊಳ್ಳಿ. ಪ್ರಶ್ನೆ ಬರೆಯುವ ಮೇಜಿನ ಸುತ್ತ ಕೇರಿಯವರೂ ಕೂರಲಿ.

ಸರಕಾರ ಮಾಡುವವರೆಗೆ ಕಾಯಬೇಕಿಲ್ಲ. ಈ ಪತ್ರಿಕೆ ಓದುವ ಹಳ್ಳಿ ಮಾಸ್ತರರೆ, ನಿಮ್ಮ ಏಳನೆಯತ್ತೆಯ ಮಕ್ಕಳ ಕೈಗೆ ಒಂದು ದೊಡ್ಡ ಹಾಳೆ ಕೊಡಿ. ಓಣಿಯ ಮಕ್ಕಳು, ಕೇರಿಯ ಮಕ್ಕಳು ಕೂಡಿಯೇ ಹೋಗಲಿ. ನಳ ಎಲ್ಲಿವೆ, ದೀಪದ ಕಂಬ ಎಲ್ಲಿಗೆ ಮುಗಿಯುತ್ತವೆ, ಅಂಗನವಾಡಿ ಎಷ್ಟು ಹೆಜ್ಜೆ, ಸುಡುಗಾಡಿಗೆ ದಾರಿ ಇದೆಯೋ ಇಲ್ಲವೋ, ಮಳೆ ಬಂದರೆ ಯಾರ ಮನೆ ಮುಂದೆ ನೀರು ನಿಲ್ಲುತ್ತದೆ, ಎಲ್ಲ ಬರೆಯಲಿ. ಹೆಜ್ಜೆ ಎಣಿಸುವ ಕೆಲಸ ಓಣಿಯ ಮಕ್ಕಳಿಗೆ ಕೊಡಿ, ಕೇರಿಯ ಬಾಗಿಲಿನಿಂದಲೇ ಎಣಿಸಲಿ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಗೋಡೆಗೆ ಹಚ್ಚಿ, ಸರಾಸರಿ ಹೇಳಲು ಎದ್ದು ನಿಂತವರಿಗೆ ತೋರಿಸಿ.

ಮೊನ್ನೆ ನಾನು ನಮ್ಮ ಕೇರಿಯ ನಕ್ಷೆ ಬರೆಯುತ್ತ ಕೂತಿದ್ದೆ. ಅವ್ವ ಬಂದು ಬಗ್ಗಿ ನೋಡಿ, "ನಮ್ಮನಿ ಯಾವದೋ ಇದರಾಗ?" ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ಅಲ್ಲೇ ನೋಡಿದಳು. ಆಮೇಲೆ ಪಕ್ಕದ ಮನೆ ಬಿಟ್ಟಿದ್ದೀಯಲ್ಲ, ಅದನ್ನೂ ಹಾಕು ಅಂದಳು. ಹಾಕಿದೆ.