ಪ್ರೋಟೀನುಗಳ ರೂಪಭೇದವೂ ‘ವಿಕೃತಿ’ ಶಬ್ದದ ಪ್ರಯೋಗವೂ

ಜೀವಶಾಸ್ತ್ರವನ್ನು ಕನ್ನಡದಲ್ಲಿ ನಿರೂಪಿಸುವವರು ಒಂದೇ ಪ್ರೋಟೀನಿಗೆ ಹಲವು ರೂಪಗಳುಂಟೆಂದು ಹೇಳಬೇಕಾದಾಗ ‘ವಿಕೃತಿ’, ‘ರೂಪಾಂತರ’, ‘ಮಾರ್ಪಾಟು’ ಎಂಬ ಶಬ್ದಗಳನ್ನು ಪರ್ಯಾಯಪದಗಳೆಂಬಂತೆ ಬಳಸುವುದುಂಟು. ಇವುಗಳ ಬೆನ್ನಿಗೆ ಒಂದು ದೃಷ್ಟಾಂತವೂ ಬರುವುದು: ಜೀನು ಮೂಲಗ್ರಂಥ, ಪ್ರೋಟೀನು ಅದರ ಪ್ರತಿ, ಭೇದವೆಂಬುದು ಲಿಪಿಕಾರನ ಪ್ರಮಾದ. ಓಲೆಗರಿಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ನಮ್ಮಂಥವರಿಗೆ ಈ ದೃಷ್ಟಾಂತವು ಸಹಜವಾಗಿಯೇ ರುಚಿಸತಕ್ಕದ್ದು. ಆದರೆ ರುಚಿಸಿದ ಮಾತ್ರಕ್ಕೆ ದೃಷ್ಟಾಂತವು ದಾರ್ಷ್ಟಾಂತಿಕಕ್ಕೆ ಹೊಂದಿತೆನ್ನಲಾಗದು. ಇದು ಬರಿಯ ಶಬ್ದಕಲಹವೂ ಅಲ್ಲ. 2023ರಲ್ಲಿ ಭಾರತ ಸರ್ಕಾರವು ಸಿಕಲ್ ಸೆಲ್ ರೋಗದ ನಿರ್ಮೂಲನಕ್ಕಾಗಿ ಕೈಗೊಂಡ ಕಾರ್ಯದಲ್ಲಿ ಕರ್ನಾಟಕವೂ ಸೇರಿದೆ. ರಕ್ತಪರೀಕ್ಷೆಗೆ ಒಳಗಾದವರಿಗೆ ಅವರ ರಕ್ತದಲ್ಲಿ ಯಾವ ರೂಪದ ಹೀಮೊಗ್ಲೋಬಿನ್ ಇದೆಯೆಂಬುದನ್ನು ತಿಳಿಸುವ ಕಾರ್ಡನ್ನು ಕೊಡುವ ಏರ್ಪಾಡಾಯಿತು. ಅಂಥ ಕಾರ್ಡನ್ನು ಹಿಡಿದ ಕನ್ಯೆಯ ರಕ್ತವನ್ನು ‘ವಿಕೃತ’ವೆಂದು ಕರೆದರೆ ಆ ಮಾತು ಮದುವೆಯ ಮಾತುಕತೆಯವರೆಗೂ ಹೋಗಬಲ್ಲುದು. ಆದುದರಿಂದ ಶಬ್ದವನ್ನು ತೂಗಿ ನೋಡುವುದು ಆವಶ್ಯಕ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. 1941ರಲ್ಲಿ ಬೀಡಲ್, ಟೇಟಮ್ ಎಂಬ ವಿದ್ವಾಂಸರು ನ್ಯೂರೋಸ್ಪೋರ ಎಂಬ ಬೂಷ್ಟಿನ ಮೇಲೆ ನಡೆಸಿದ ಪ್ರಯೋಗಗಳಿಂದ ಒಂದು ಜೀನಿಗೆ ಒಂದು ಕಿಣ್ವವೆಂಬ ಸೂತ್ರಪ್ರಾಯವಾದ ಮತವು ಹೊರಟಿತು. ಆ ಕಾಲಕ್ಕೆ ಅದು ಬಹು ಫಲವತ್ತಾದ ಮತ. ಅದನ್ನು ಒಪ್ಪಿದ ಮೇಲೆ ಒಂದು ಜೀನಿನಿಂದ ಎರಡನೆಯ ರೂಪವು ಹುಟ್ಟಿದರೆ ಅದು ತಪ್ಪಾಗಿಯೇ ಹುಟ್ಟಿರಬೇಕೆಂದು ತೋರುವುದು ಸ್ವಾಭಾವಿಕ. ಆದರೆ 1977ರಲ್ಲಿ ಶಾರ್ಪ್ ಮತ್ತು ರಾಬರ್ಟ್ಸ್ ಎಂಬವರ ಬಳಗಗಳು ಜೀನಿನ ಪಾಠವು ಅಖಂಡವಲ್ಲವೆಂದು ಬೇರೆ ಬೇರೆಯಾಗಿ ತೋರಿಸಿದುವು. ಅರ್ಥವುಳ್ಳ ಖಂಡಗಳ ನಡುವೆ ತೆಗೆದುಹಾಕತಕ್ಕ ಖಂಡಗಳಿರುವುವು. ಜೀವಕೋಶವು ಜೀನಿನಿಂದ ಆರ್‌ಎನ್‌ಎ ಎಂಬ ಪ್ರತಿಯನ್ನು ತೆಗೆದು, ಬೇಡದ್ದನ್ನು ಕತ್ತರಿಸಿ, ಉಳಿದುದನ್ನು ಹೊಸೆಯುವುದು. ಹೊಸೆಯುವ ಬಗೆ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಮನುಷ್ಯನಲ್ಲಿ ಪ್ರೋಟೀನುಗಳನ್ನು ವಿಧಿಸುವ ಜೀನುಗಳು ಸುಮಾರು 20,000. ಅವುಗಳಲ್ಲಿ ಅನೇಕ ಖಂಡಗಳುಳ್ಳವುಗಳ ಪೈಕಿ ನೂರಕ್ಕೆ 90ಕ್ಕೂ ಮಿಕ್ಕು ಜೀನುಗಳ ಪ್ರತಿಯನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಹೊಸೆಯಲಾಗುತ್ತದೆಂದು ಕಂಡುಬಂದಿದೆ. ನೂರರಲ್ಲಿ ತೊಂಬತ್ತು ಕಡೆ ನಡೆಯುವುದನ್ನು ಅಪವಾದವೆನ್ನುವವನು ಉತ್ಸರ್ಗವೆಂದು ಯಾವುದನ್ನು ಕರೆದಾನು?

ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಬಿಸಿಎಲ್-ಎಕ್ಸ್ ಎಂಬ ಪ್ರೋಟೀನಿನ ಎರಡು ರೂಪಗಳ ವೃತ್ತಾಂತವು 1993ರಲ್ಲಿ ಪ್ರಕಟವಾಯಿತು. ಶಾಸ್ತ್ರಜ್ಞರು ಇವಕ್ಕೆ ಇಟ್ಟಿರುವ ಹೆಸರುಗಳನ್ನು ನಮ್ಮ ವ್ಯಾಕರಣದ ಮಾತಿನಲ್ಲಿಯೇ ಹೇಳಬಹುದು. ಒಂದು ದೀರ್ಘ, ಇನ್ನೊಂದು ಹ್ರಸ್ವ. ಮನುಷ್ಯನಲ್ಲಿ ದೀರ್ಘರೂಪಕ್ಕೆ 233 ಅಮೈನೊ ಆಮ್ಲಗಳು, ಹ್ರಸ್ವಕ್ಕೆ 170; ನಡುವಣ 63 ಬಿಟ್ಟುಹೋಗಿವೆ. ದೀರ್ಘರೂಪವು ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ನಿಂತು, ಆ ಪೊರೆಯನ್ನು ತೂತುಮಾಡುವ ಪ್ರೋಟೀನುಗಳನ್ನು ಹಿಡಿದು ತಡೆಯುವುದು. ತಡೆ ಇಲ್ಲವಾದರೆ ಸೈಟೋಕ್ರೋಮ್ ಸಿ ಎಂಬ ವಸ್ತುವು ಹೊರಕ್ಕೆ ಸೋರಿ ಕೋಶವು ತನ್ನನ್ನು ತಾನೇ ಅಳಿಸಿಕೊಳ್ಳುವುದು. ಹೀಗಿರಲು ದೀರ್ಘವು ಕೋಶದ ರಕ್ಷಕ. ಹ್ರಸ್ವವಾದರೋ ಆ ರಕ್ಷಣೆಯನ್ನೇ ಕೆಡಿಸಿ ಕೋಶವನ್ನು ಮರಣದ ಕಡೆಗೆ ನೂಕುವುದು. ಒಂದೇ ಜೀನು, ಒಂದೇ ಪಾಠ; ಕತ್ತರಿಸುವ ಎಡೆ ಮಾತ್ರ ಬೇರೆ. ಫಲವೋ ಪರಸ್ಪರವಿರುದ್ಧ.

ಇಲ್ಲಿ ಹ್ರಸ್ವರೂಪವನ್ನು ಮುರಿದ ಪ್ರತಿಯೆಂದು ಕರೆಯುವ ಆಸೆ ಹುಟ್ಟುವುದು. ಅದು ಸಲ್ಲದು. ವಯಸ್ಕರ ಮೆದುಳಿನ ಕೋಶಗಳಂತೆ ಬಹುಕಾಲ ಬಾಳಬೇಕಾದೆಡೆ ದೀರ್ಘವೂ, ಬೆಳೆಯುತ್ತಿರುವ ಲಿಂಫೋಸೈಟುಗಳಂತೆ ಬೇಗ ಹುಟ್ಟಿ ಬೇಗ ಅಳಿಯುವ ಕೋಶಗಳಲ್ಲಿ ಹ್ರಸ್ವವೂ ಹೆಚ್ಚಾಗಿ ಕಂಡುವೆಂದು ಆ ಮೊದಲ ವರದಿಯೇ ಹೇಳಿತು. ಶರೀರದಲ್ಲಿ ಕೋಶಗಳ ಮರಣವೂ ಒಂದು ವಿಹಿತಕರ್ಮ. ಗರ್ಭಸ್ಥ ಶಿಶುವಿನ ಬೆರಳುಗಳು ಬಿಡಿಬಿಡಿಯಾಗುವುದು ಅವುಗಳ ನಡುವಣ ಕೋಶಗಳು ಸತ್ತುದರಿಂದಲೇ.

ಎರಡನೆಯ ಉದಾಹರಣೆಯನ್ನು ಸಂಕ್ಷೇಪವಾಗಿ ಹೇಳುವೆನು. ಪೈರುವೇಟ್ ಕೈನೇಸ್ ಎಂಬ ಕಿಣ್ವವು ಸಕ್ಕರೆಯಿಂದ ಕೋಶವು ಶಕ್ತಿಯನ್ನು ಪಡೆಯುವ ಒಂದು ಪ್ರಕ್ರಿಯೆಯ ಕಡೆಯ ಹಂತವನ್ನು ನಡೆಸುವುದು. ಅದರ ಒಂದು ಜೀನಿನಲ್ಲಿ ಒಂಬತ್ತನೆಯ ಖಂಡವನ್ನು ಹೊಸೆದರೆ ಎಂ-1 ರೂಪ, ಹತ್ತನೆಯದನ್ನು ಹೊಸೆದರೆ ಎಂ-2 ರೂಪ. ಎರಡನ್ನೂ ಒಟ್ಟಿಗೆ ಸೇರಿಸುವಂತಿಲ್ಲ. ಮೀಮಾಂಸಕರು ಇದನ್ನು ಕಂಡಿದ್ದರೆ ವ್ರೀಹಿ–ಯವಗಳನ್ನು ನೆನೆಯುತ್ತಿದ್ದರು. ಯಾಗಕ್ಕೆ ವ್ರೀಹಿಯೂ ಆಗಬಹುದು, ಯವವೂ ಆಗಬಹುದು, ಬೆರಕೆ ಆಗದು. ಯಾವುದೂ ಇನ್ನೊಂದರ ಅಪಭ್ರಂಶವಲ್ಲ. ಎಂ-1 ಮಾಂಸಖಂಡಗಳಲ್ಲಿಯೂ ಮೆದುಳಿನಲ್ಲಿಯೂ ಸದಾ ಉದ್ಯುಕ್ತವಾಗಿರುವುದು. ಎಂ-2 ಭ್ರೂಣದಲ್ಲಿ, ವರ್ಧಿಸುವ ಕೋಶಗಳಲ್ಲಿ ಇದ್ದು, ಕೋಶದ ಸ್ಥಿತಿಯನ್ನು ನೋಡಿಕೊಂಡು ವೇಗವನ್ನು ಏರಿಸುವುದು, ಇಳಿಸುವುದು. ಗಂತಿಗಳಲ್ಲಿ ಎಂ-2 ಕಂಡುದರಿಂದಲೂ, ಅದು ಗಂತಿಯ ಬೆಳವಣಿಗೆಗೆ ಒದಗುವುದೆಂದು 2008ರ ಪ್ರಯೋಗಗಳು ತೋರಿಸಿದುದರಿಂದಲೂ ಕೆಲವರು ಅದನ್ನು ಕ್ಯಾನ್ಸರಿನ ರೂಪವೆಂದೇ ಕರೆಯತೊಡಗಿದರು. 2013ರಲ್ಲಿ ಇಲಿಗಳ ಸ್ತನಕ್ಯಾನ್ಸರಿನಲ್ಲಿ ಎಂ-2ನ್ನು ತೆಗೆದುಹಾಕಿದಾಗಲೂ ಗಂತಿಗಳು ಬೆಳೆದುವು. ಅವಸರದ ನಾಮಕರಣವು ಕನ್ನಡಿಗರಿಗೇ ವಿಶಿಷ್ಟವಾದ ರೋಗವಲ್ಲವೆಂಬುದು ಇದರಿಂದ ವ್ಯಕ್ತ.

ಈವರೆಗೆ ಹೇಳಿದ ಭೇದಗಳಲ್ಲಿ ಜೀನಿನ ಅಕ್ಷರವು ಬದಲಾಗಿಲ್ಲ. ಅಕ್ಷರವೇ ಬದಲಾದೆಡೆ ಲಿಪಿಕಾರನ ದೃಷ್ಟಾಂತವು ನಿಲ್ಲುವುದೆಂದು ಪ್ರತಿವಾದಿಯು ಹೇಳಬಹುದು. ಅದಕ್ಕೆ ಹೀಮೊಗ್ಲೋಬಿನ್ ಎಸ್ ಎಂಬುದೇ ಪ್ರಸಿದ್ಧ ನಿದರ್ಶನ. ಸಿಕಲ್ ಸೆಲ್ ರೋಗಿಗಳ ಹೀಮೊಗ್ಲೋಬಿನ್ ಭಿನ್ನವಾದುದೆಂದು 1949ರಲ್ಲಿ ಪೌಲಿಂಗರ ಬಳಗವು ತೋರಿಸಿತು. ಆ ಭೇದವು ಬೀಟಾ ಸರಪಳಿಯ 146 ಅಮೈನೊ ಆಮ್ಲಗಳಲ್ಲಿ ಒಂದರದು ಮಾತ್ರ, ಆರನೆಯ ಸ್ಥಾನದ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನ್ ಬಂದಿದೆ ಎಂಬುದನ್ನು ಇನ್‌ಗ್ರಾಮ್ ಎಂಬವರು 1957ರ ಹೊತ್ತಿಗೆ ಗೊತ್ತುಮಾಡಿದರು. ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಈ ಅಣುಗಳು ಒಂದಕ್ಕೊಂದು ಅಂಟಿ ಎಳೆಗಳಾಗಿ, ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುವುವು. ತಂದೆತಾಯಿಗಳಿಬ್ಬರಿಂದಲೂ ಈ ಪಾಠವು ಬಂದವನಿಗೆ ತೀವ್ರವಾದ ನೋವು, ರಕ್ತಹೀನತೆ. ಇದನ್ನು ಯಾರೂ ಹಗುರಮಾಡಿ ಹೇಳಬಾರದು. ಒಬ್ಬರಿಂದ ಮಾತ್ರ ಬಂದವನು ಸಾಮಾನ್ಯವಾಗಿ ಆರೋಗ್ಯವಂತನೇ. ಅಷ್ಟೇ ಅಲ್ಲ, ಅವನಿಗೆ ಮಾರಕ ಮಲೇರಿಯದಿಂದ ರಕ್ಷಣೆಯುಂಟೆಂಬುದನ್ನು 1954ರಲ್ಲಿ ಆಲಿಸನ್ ಎಂಬವರು ಪೂರ್ವ ಆಫ್ರಿಕದಲ್ಲಿ ಕಂಡರು. ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಪಾಠವಿರುವುದು 1952ರಲ್ಲಿಯೇ ವರದಿಯಾಗಿತ್ತು. ಆದಕಾರಣ ಅದೇ ವ್ಯಾಲೀನ್ ಒಂದೆಡೆ ದೋಷ, ಒಂದೆಡೆ ಗುಣ, ಮತ್ತೊಂದೆಡೆ ಎರಡೂ ಅಲ್ಲ. ಅಕ್ಷರವನ್ನು ಮಾತ್ರ ನೋಡಿ ತೀರ್ಪುಕೊಡಲು ಬರುವುದಿಲ್ಲ.

ಇದಕ್ಕಿಂತಲೂ ಬಲವಾದ ಹೇತುವೊಂದಿದೆ. ಗರ್ಭದಲ್ಲಿರುವಾಗ ಶಿಶುವಿಗೆ ಹೀಮೊಗ್ಲೋಬಿನ್ ಎಫ್ ಎಂಬ ಬೇರೊಂದು ರೂಪವುಂಟು. ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಲು ಅದು ಹೆಚ್ಚು ಸಮರ್ಥ. ಹುಟ್ಟಿದ ತಿಂಗಳುಗಳಲ್ಲಿ ಅದು ಕ್ರಮವಾಗಿ ಹಿಂದೆಗೆಯುವುದು. ಈ ರೂಪವು ಎಸ್ ಎಳೆಗಟ್ಟುವುದನ್ನು ತಡೆಯುತ್ತದೆ. 2023ರ ಕೊನೆಯಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಸಮ್ಮತಿ ಪಡೆದ ಒಂದು ಚಿಕಿತ್ಸೆಯು ರೋಗಿಯ ರಕ್ತದ ಮೂಲಕೋಶಗಳನ್ನು ತಿದ್ದಿ, ನಿಂತುಹೋಗಿದ್ದ ಈ ಎಫ್ ರೂಪವನ್ನು ಮತ್ತೆ ಹೊರಡಿಸುವುದು. ಆರನೆಯ ಸ್ಥಾನದ ವ್ಯಾಲೀನ್‌ನ್ನು ಅದು ಮುಟ್ಟುವುದೇ ಇಲ್ಲ. ದೋಷವು ಪಾಠದಲ್ಲಿಯೇ ಇದ್ದುದಾದರೆ, ಪಾಠವನ್ನು ತಿದ್ದದೆ ರೋಗವು ಶಮನವಾಗುವುದು ಹೇಗೆ? ರೂಪಗಳು ಕೋಶದಲ್ಲಿ ಒಂದರ ಪಕ್ಕದಲ್ಲೊಂದು ಇದ್ದು ಕೆಲಸಮಾಡುವುವು. ಗುಣದೋಷವು ಆ ಸಹವಾಸದಲ್ಲಿ ಹುಟ್ಟುವುದೆಂದು ಹೇಳಬೇಕಾಗುತ್ತದೆ.

ಇನ್ನು ಪರಿಭಾಷೆ. ಒಂದೇ ಪಾಠವನ್ನು ಬೇರೆ ಬೇರೆಯಾಗಿ ಹೊಸೆದು ಬಂದುದನ್ನು ‘ವಿಕಲ್ಪರೂಪ’ವೆಂದೂ, ಅಕ್ಷರ ಬದಲಾಗಿ ಬಂದುದನ್ನು ‘ಪಾಠಭೇದ’ವೆಂದೂ ಕರೆಯಬಹುದೆಂದು ನನ್ನ ಸೂಚನೆ. ಮೀಮಾಂಸಾಶಾಸ್ತ್ರದಲ್ಲಿ ವಿಕಲ್ಪಕ್ಕೆ ಅಷ್ಟದೋಷಗಳನ್ನು ಹೇಳಿದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಿಯಾರು. ಆ ದೋಷಗಳು ಇಚ್ಛಾಧೀನವಾದ ವಿಕಲ್ಪಕ್ಕೆ; ಇಲ್ಲಿರುವುದು ವ್ಯವಸ್ಥಿತವಿಕಲ್ಪ. ಸ್ನಾಯುವಿನಲ್ಲಿ ಇದು, ಭ್ರೂಣದಲ್ಲಿ ಅದು ಎಂಬ ವ್ಯವಸ್ಥೆಯನ್ನು ಕೋಶದಲ್ಲಿನ ಬೇರೆ ಪ್ರೋಟೀನುಗಳೇ ನಡೆಸುವುವು. ‘ರೂಪಾಂತರಿ’ ಎಂಬ ಶಬ್ದವು 2021ರ ಸುಮಾರಿಗೆ ಕೊರೋನ ವೈರಸ್ಸಿನ ಸುದ್ದಿಗಳಲ್ಲಿ ಸವೆದು ಭಯವನ್ನಂಟಿಸಿಕೊಂಡಿರುವುದರಿಂದ ಅದನ್ನು ಇಲ್ಲಿಗೆ ತಾರದಿರುವುದೇ ಲೇಸು. ‘ವಿಕೃತಿ’ಯನ್ನು ರೋಗಕ್ಕೆ ಇಟ್ಟುಕೊಳ್ಳಲಿ, ಪ್ರೋಟೀನಿಗೂ ಮನುಷ್ಯನಿಗೂ ಬೇಡ. ಹೀಮೊಗ್ಲೋಬಿನ್ ಎಫ್ ಮಾತ್ರ ಈ ಎರಡು ವರ್ಗಗಳಿಗೂ ಸೇರದು; ಅದರ ಗಾಮಾ ಸರಪಳಿಗೆ ಜೀನೇ ಬೇರೆ. ಅದಕ್ಕೆ ‘ಸಹೋದರರೂಪ’ವೆಂದರೆ ಸರಿಹೋದೀತೇ ಎಂಬುದನ್ನು ಜೀವಶಾಸ್ತ್ರವನ್ನು ಕಲಿಸುತ್ತಿರುವ ವಾಚಕರು ಈ ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.